ಹೊತ್ತು ಮುಳುಗ್ತಿದ್ದ ಹಾಗೆ ಶುರುವಾಗೋ ಗಲಿಬಿಲಿ: ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಮರೆವಿನ ಕಾಯಿಲೆ, ಅಂದ್ರೆ ಡಿಮೆನ್ಷಿಯಾ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂದಿದ್ವಿ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಗೋಳು, ಬೆಳಿಗ್ಗೆ ಚೆನ್ನಾಗೇ ಇರ್ತಾರೆ ಡಾಕ್ಟ್ರೇ, ಸಂಜೆ ಆಯ್ತು ಅಂದ್ರೆ ಬೇರೆ ಮನುಷ್ಯರೇ ಆಗ್ಬಿಡ್ತಾರೆ ಅಂತ. ಇದಕ್ಕೆ ವೈದ್ಯರು ಸನ್‌ಡೌನಿಂಗ್ ಅಂತಾರೆ. ನಿಮ್ಮನೇಲಿ ಮಾತ್ರ ಹೀಗೆ ಅಂತ ಅನ್ಕೋಬೇಡಿ, ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7ಕ್ಕಿಂತ ಸ್ವಲ್ಪ ಜಾಸ್ತಿ ಜನಕ್ಕೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಬಂದ ಲೆಕ್ಕ ಹೇಳುತ್ತೆ, ಅಂದ್ರೆ ಸುಮಾರು 88 ಲಕ್ಷ ಜನ. ಅವರಲ್ಲಿ ಎಷ್ಟೋ ಜನಕ್ಕೆ ಈ ಸಂಜೆ ಕಾಟ ಇರುತ್ತೆ. ಎಲ್ಲ ಪತ್ರ ಹಾಕೋಕೆ ಜಾಗ ಇಲ್ಲ, ಆರು ಆರಿಸ್ಕೊಂಡಿದೀನಿ, ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ನಮ್ಮತ್ತೆಗೆ 76 ವರ್ಷ. ಮರೆವಿನ ಕಾಯಿಲೆ ಅಂತ ಹೇಳಿ ಎರಡು ವರ್ಷ ಆಯ್ತು. ಬೆಳಿಗ್ಗೆ ಹೊತ್ತು ಪರ್ವಾಗಿಲ್ಲ, ಮುದ್ದೆ ಉಂಡು ಜಗಲಿ ಮೇಲೆ ಕೂತಿರ್ತಾರೆ, ಹೊತ್ತು ಇಳೀತಿದ್ದಂಗೆ ಎದ್ದು ಓಡಾಡೋಕೆ ಶುರು ಮಾಡ್ತಾರೆ, ಹಸ ಹೊಡ್ಕೊಂಡು ಬರ್ಬೇಕು, ಕರ ಅರಚ್ತಾ ಐತೆ, ಹಾಲು ಕರೆದು ಡೈರಿಗೆ ಹಾಕ್ಬೇಕು ಅಂತ. ಹಸ ಮಾರಿ ಬಾಳಾ ವರ್ಷ ಆಯ್ತು ಕಣತ್ತೆ ಅಂದ್ರೆ ನೀನೇ ಮಾರ್ಕೊಂಡು ತಿಂದೆ ಅಂತ ನನ್ನೇ ಬಯ್ತಾರೆ. ಹೋದ ವಾರ ಒಬ್ಬರೇ ನಾಲೆ ಏರಿ ಮೇಲೆ ಹೋಗ್ಬಿಟ್ಟಿದ್ರು, ಕಬ್ಬಿನ ಗಾಡಿಯೋರು ನೋಡಿ ಕರ್ಕೊಂಡು ಬಂದ್ರು. ಊರೋರು ಗಾಳಿ ಸೋಕೈತೆ, ತಾಯತ ಕಟ್ಸು ಅಂತಾರೆ. ನಮ್ಮನೆಯವ್ರು ಬೆಂಗಳೂರಲ್ಲಿ ಕೆಲಸ, ವಾರಕ್ಕೊಂದು ಸಲ ಬರ್ತಾರೆ. ನಾನೊಬ್ಳು ಏನ್ ಮಾಡ್ಲಿ?
(ಮಂಡ್ಯ ತಾಲ್ಲೂಕಿನ ಒಬ್ಬ ಸೊಸೆ)

ಉತ್ತರ: ತಾಯತ ಕಟ್ಸೋದು ಬಿಡೋದು ನಿಮಗೆ ಬಿಟ್ಟಿದ್ದು ತಾಯಿ, ಅದ್ರಿಂದ ಯಾರಿಗೂ ತೊಂದ್ರೆ ಇಲ್ಲ. ಆದ್ರೆ ಗಾಳಿ ಬಿಡಿಸ್ತೀವಿ ಅಂತ ಹೊಗೆ ಹಾಕೋದು, ಬೇವಿನ ಸೊಪ್ಪಲ್ಲಿ ಹೊಡೆಯೋದು, ಊಟ ನಿಲ್ಲಿಸೋದು, ಇದ್ಯಾವುದಕ್ಕೂ ದಯವಿಟ್ಟು ಬಿಡಬೇಡಿ. ಗಾಳಿ ಅಲ್ಲ ಇದು, ಮೆದುಳಿನ ಕಾಯಿಲೆ.

ಹಸ ಮಾರಿದ್ದು ಮೊನ್ನೆ ಮೊನ್ನೆ ವಿಷಯ, ಅವರ ಮಟ್ಟಿಗೆ. ಈ ಕಾಯಿಲೇಲಿ ಮೊದಲು ಅಳಿಸಿ ಹೋಗೋದು ಇತ್ತೀಚಿನ ನೆನಪು, ಹಳೇದು ಬಹಳ ದಿನ ಉಳ್ಕೊಳ್ಳುತ್ತೆ, ಅದರಲ್ಲೂ ಕೈಗೆ ಅಭ್ಯಾಸ ಆಗಿರೋ ಕೆಲಸ ಇದೆಯಲ್ಲ ಅದು ಅಷ್ಟು ಬೇಗ ಹೋಗಲ್ಲ. ಮದುವೆ ಆಗಿ ಬಂದಾಗಿಂದ ದಿನಾ ಆ ಹೊತ್ತಿಗೆ ಕೊಟ್ಟಿಗೆಗೆ ಹೋದ ಹೆಂಗಸು ಅವರು, ಬೆಳಕು ಕಮ್ಮಿ ಆಗ್ತಿದ್ದಂಗೆ ಕೈಕಾಲು ತಾನಾಗೇ ಎದ್ದು ಹೊರಡ್ತವೆ. ನೀವು ಮಾರಿ ಆಯ್ತು ಅಂದಾಗ ಅವರಿಗೆ ಅದು ಪ್ರತಿ ಸಲವೂ ಮೊದಲ ಸಲ ಕೇಳಿದ ಸುದ್ದಿ. ನಮ್ಮನೆ ಹಸನ ನನ್ನ ಕೇಳದೆ ಮಾರಿದ್ರಾ ಅಂತ ಸಿಟ್ಟು ಬರಲ್ವಾ ಮತ್ತೆ? ಆದ್ರಿಂದ ಆ ಮಾತು ಇವತ್ತಿಂದ ಬಿಟ್ಟುಬಿಡಿ. ಹಸ ಯಾವ ಬಣ್ಣ ಇತ್ತತ್ತೆ, ಎಷ್ಟು ಲೀಟರ್ ಕೊಡ್ತಿತ್ತು, ಹಾಯ್ತಿತ್ತಾ, ಹೀಗೆ ಮಾತು ತೆಗೀರಿ. ಮಾತಾಡ್ತಾ ಮಾತಾಡ್ತಾ ಅರ್ಧ ಆತಂಕ ಇಳಿಯುತ್ತೆ.

ಸಂಜೆನೇ ಯಾಕೆ ಅಂತ ನೀವು ಕೇಳಿಲ್ಲ ಆದ್ರೂ ಹೇಳ್ತೀನಿ, ಯಾಕಂದ್ರೆ ಅದು ಗೊತ್ತಾದ್ರೆ ಏನ್ ಮಾಡ್ಬೇಕು ಅನ್ನೋದು ನಿಮಗೇ ಹೊಳೆಯುತ್ತೆ. ನಮ್ಮ ಮೆದುಳಿನ ಒಳಗೆ ಕಣ್ಣಿನ ನರಗಳು ಕೂಡೋ ಜಾಗದ ಮೇಲೆ ಒಂದು ಚಿಕ್ಕ ಗಡಿಯಾರ ಇದೆ, ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ಅಂತ ಬಾಯಿ ತಿರುಗದ ಹೆಸರು ಅದಕ್ಕೆ. ಕಣ್ಣಿಗೆ ಬೀಳೋ ಬೆಳಕು ನೋಡ್ಕೊಂಡು ಇದು ಹಗಲು ಇದು ರಾತ್ರಿ ಅಂತ ಮೈಗೆಲ್ಲ ಹೇಳೋದು ಅದೇ. ಡಿಮೆನ್ಷಿಯಾದ ಒಂದು ಜಾತಿ ಆದ ಅಲ್ಝೈಮರ್ಸ್‌ನಲ್ಲಿ ಆ ಜಾಗದ ಜೀವಕೋಶಗಳೂ ಸಾಯ್ತವೆ, ನಿದ್ದೆ ತರಿಸೋ ಮೆಲಟೋನಿನ್ ಕಮ್ಮಿ ಆಗುತ್ತೆ, ಆಮೇಲೆ ಸರಿಯಾಗಿ ಕೀ ಕೊಡದೇ ಇರೋ ಗೋಡೆ ಗಡಿಯಾರದ ಹಾಗೆ ಹೊತ್ತಲ್ಲದ ಹೊತ್ತಲ್ಲಿ ಹೊಡೆಯುತ್ತೆ. ಇದರ ಜೊತೆಗೆ ಬೆಳಿಗ್ಗೆಯಿಂದ ಯಾರು ಏನು ಎತ್ತ ಅಂತ ತಿಳ್ಕೊಳೋಕೇ ಒದ್ದಾಡಿ ಒದ್ದಾಡಿ ಮೆದುಳು ಸಂಜೆ ಹೊತ್ತಿಗೆ ಸೋತಿರುತ್ತೆ. ಬೆಳಕು ಮಬ್ಬಾಗುತ್ತೆ, ಕಣ್ಣಲ್ಲಿ ಪೊರೆ ಬೇರೆ ಇರುತ್ತೆ, ನೆರಳು ಉದ್ದ ಆಗಿ ಕಂಬ ಮನುಷ್ಯ ನಿಂತಂಗೆ ಕಾಣುತ್ತೆ. ಅದೇ ಹೊತ್ತಿಗೆ ಮಕ್ಕಳು ಸ್ಕೂಲಿಂದ ಬಂದು ಕೂಗಾಡ್ತವೆ, ಟಿವಿ ಹಾಕ್ತಾರೆ, ನೀವು ಒಲೆ ಹತ್ರ ಓಡ್ತೀರಿ, ಅತ್ತೆ ಪಕ್ಕ ಯಾರೂ ಇರಲ್ಲ. ಹಸಿವಾಗಿರುತ್ತೆ, ಬಾಯಾರಿರುತ್ತೆ, ಹೇಳೋಕೆ ಬರಲ್ಲ.

ಹಾಗಾಗಿ ನನ್ನ ಹತ್ರ ಬರೋರಿಗೆಲ್ಲ ನಾನು ಹೇಳೋದು ಒಂದೇ, ಆರು ಗಂಟೆ ಗಲಾಟೆಗೆ ಆರು ಗಂಟೆಗೆ ಔಷಧಿ ಹುಡುಕ್ಬೇಡಿ, ಮಧ್ಯಾಹ್ನ ಮೂರಕ್ಕೆ ಏನು ನಡೀತು ನೋಡಿ. ಬೆಳಿಗ್ಗೆ ಎದ್ದ ಮೇಲೆ ಅರ್ಧ ಮುಕ್ಕಾಲು ಗಂಟೆ ಬಿಸಿಲಲ್ಲಿ ಕೂರಿಸಿ ಇಲ್ಲ ನಡೆಸಿ, ಒಳಗೆ ಕತ್ತಲ ಕೋಣೇಲಿ ಬೇಡ. ಸ್ನಾನ, ಆಸ್ಪತ್ರೆ, ನೆಂಟರ ಮನೆ ಇಂಥ ದಣಿವಿನ ಕೆಲಸ ಎಲ್ಲ ಬೆಳಿಗ್ಗೇನೇ ಮುಗಿಸಿ. ಊಟ ಆದ್ಮೇಲೆ ಒಂದು ಅರ್ಧ ಗಂಟೆ ಮಲಗಲಿ, ಮೂರರ ಮೇಲೆ ಮಲಗೋಕೆ ಬಿಡಬೇಡಿ. ಟೀ ಕಾಫಿ ಮಧ್ಯಾಹ್ನದ ಮೇಲೆ ಬೇಡ, ಕುಡಿದ ಕಾಫೀಲಿರೋ ಕೆಫೀನ್ ಅರ್ಧ ಇಳಿಯೋಕೇ ಸುಮಾರು 5 ಗಂಟೆ ಬೇಕು. ನಾಲ್ಕು ಗಂಟೆಗೆ ಮಜ್ಜಿಗೆನೋ ರಾಗಿ ಅಂಬಲಿನೋ ಎರಡು ಬಾಳೆಹಣ್ಣೋ ಕೊಡಿ, ಬಚ್ಚಲಿಗೆ ಒಂದು ಸಲ ಕರ್ಕೊಂಡು ಹೋಗಿ. ಎಷ್ಟೋ ಮನೆಗಳಲ್ಲಿ ಆ ಓಡಾಟ ಎಲ್ಲ ಒಂದು ಉಚ್ಚೆಗೆ, ಅಷ್ಟೇ.

ನಿಮ್ಮೂರಲ್ಲಿ ಇನ್ನೊಂದು ಅನುಕೂಲ ಇದೆ, ಪೇಟೆಯವರಿಗೆ ಇಲ್ಲ ಅದು. ಪಕ್ಕದ ಮನೇಲಿ ಯಾರಾದ್ರೂ ಹಸ ಕಟ್ಟಿರ್ತಾರಲ್ಲ, ನಾಲ್ಕೂವರೆಗೆ ಕರ್ಕೊಂಡು ಹೋಗಿ ಅವರ ಕೈಲೇ ಒಂದು ಹಿಡಿ ಹುಲ್ಲು ಹಾಕ್ಸಿ, ಮೈ ಸವರಲಿ, ಬೇಕಾದ್ರೆ ಕೊಟ್ಟಿಗೆ ಬಾಗಿಲಲ್ಲಿ ಹತ್ತು ನಿಮಿಷ ಕೂತು ಆ ಮನೆಯೋಳಿಗೆ ಬುದ್ಧಿ ಹೇಳ್ಲಿ, ಹಿಂಡಿ ಕಮ್ಮಿ ಹಾಕಿದೀಯ ಅಂತ. ಬೆಳಕಿರೋವಾಗ್ಲೇ ವಾಪಸ್ ಬನ್ನಿ. ಹಸ ಕಟ್ಟಿದ್ದು ಆಯ್ತಲ್ಲತ್ತೆ, ಬನ್ನಿ ಕೈಕಾಲು ತೊಳ್ಕೊಳ್ಳಿ ಅಂದ್ರೆ ಅದು ಸುಳ್ಳೂ ಆಗಲ್ಲ. ದಿನಾ ಅದೇ ಹೊತ್ತು, ಅದೇ ದಾರಿ ಇರ್ಲಿ. ಮನೆಗೆ ಬಂದ ಮೇಲೆ ಅವರೆಕಾಯಿ ಬಿಡಿಸೋದು, ಹೂಬತ್ತಿ ಮಾಡೋದು, ಸೊಪ್ಪು ಸೋಸೋದು, ಕೂತು ಮಾಡೋ ಕೆಲಸ ಯಾವುದಾದ್ರೂ ಕೈಗೆ ಕೊಡಿ. ಸೊಪ್ಪಿನ ಜೊತೆ ಹುಲ್ಲೂ ಸೇರಿಸಿ ಇಟ್ರೆ ಇಡ್ಲಿ ಬಿಡಿ, ನೀವು ಆಮೇಲೆ ತೆಗೆದ್ರಾಯ್ತು. ದೀಪ ಹಚ್ಚೋ ಕೆಲಸ ಮಾತ್ರ ನಿಮ್ಮ ಕೈಲೇ ಇರ್ಲಿ, ಸೆರಗಿಗೆ ಬೆಂಕಿ ತಗಲೋದು ಕ್ಷಣದ ಮಾತು.

ಲೈಟು ಕತ್ತಲಾದ್ಮೇಲೆ ಹಾಕೋದಲ್ಲ, ಕತ್ತಲಾಗೋ ಮುಂಚೆ. ನಮ್ಮ ಕಡೆ ಜೂನ್ ಜುಲೈನಲ್ಲಿ 6.50ರ ತನಕ ಸೂರ್ಯ ಇರ್ತಾನೆ, ಡಿಸೆಂಬರ್‌ನಲ್ಲಿ ಆರಕ್ಕೆಲ್ಲ ಮುಳುಗ್ತಾನೆ, ಮೋಡ ಇದ್ರೆ ಇನ್ನೂ ಬೇಗ. ಹೊರಗೆ ಮಬ್ಬಾಗೋಕೆ ಮುಕ್ಕಾಲು ಗಂಟೆ ಮುಂಚೆನೇ ನಡುಮನೆ, ಅಡುಗೆಮನೆ, ಬಚ್ಚಲ ದಾರಿ ಎಲ್ಲ ಕಡೆ ಹಾಕಿಬಿಡಿ, ಕರೆಂಟ್ ಬಿಲ್ ನೋಡ್ಬೇಡಿ. ಕರೆಂಟ್ ಹೋಗೋ ಊರಾದ್ರೆ ಚಾರ್ಜ್ ಆಗೋ ಬಲ್ಬ್ ಒಂದೆರಡು ತಗೊಂಡಿಡಿ, ತಟ್ಟನೆ ಕತ್ತಲಾದ್ರೆ ಇವರು ಬಹಳ ಹೆದರ್ತಾರೆ.

ನಾಲೆ ವಿಷಯ ಮಾತ್ರ ತಮಾಷೆ ಅಲ್ಲ. ಬಾಗಿಲಿಗೆ ಎಲ್ಲಾರ ಕಣ್ಣಿಗೆ ಬೀಳೋ ಮೇಲಿನ ಚಿಲಕ ಇರುತ್ತಲ್ಲ, ಅದರ ಬದಲು ಕೆಳಗಡೆ ಒಂದು ಹಾಕಿಸಿ, ಅಲ್ಲಿ ಹುಡುಕೋದು ಅವರಿಗೆ ಹೊಳೆಯಲ್ಲ. ಬಾಗಿಲಿಗೆ ಒಂದು ಗೆಜ್ಜೆ ಕಟ್ಟಿ, ಅಡುಗೆಮನೆಗೆ ಕೇಳುತ್ತೆ. ಆದ್ರೆ ಅವರನ್ನ ಒಬ್ಬರನ್ನೇ ಒಳಗೆ ಹಾಕಿ ಬೀಗ ಹಾಕ್ಕೊಂಡು ಹೋಗ್ಬೇಡಿ ಯಾವತ್ತೂ. ಕೈಗೆ ಬಳೆ ಥರ ಒಂದು ಪಟ್ಟಿ ಹಾಕಿ ನಿಮ್ಮ ಫೋನ್ ನಂಬರ್ ಬರೆಸಿ, ಹಾಲಿನ ಡೈರಿಯವರಿಗೆ, ಅಂಗಡಿಯವರಿಗೆ, ಆಟೋದವರಿಗೆ ಹೇಳಿಡಿ, ನಮ್ಮತ್ತೆ ಒಬ್ಬರೇ ಕಂಡ್ರೆ ಮಾತಾಡ್ಸಿ ನಿಲ್ಲಿಸ್ಕೊಳಿ ಅಂತ. ಮುಚ್ಚಿಟ್ಕೊಳ್ಳೋ ವಿಷಯ ಅಲ್ಲ ಇದು, ಇಡೀ ಬೀದಿಗೆ ಗೊತ್ತಿರ್ಬೇಕು. ಕಾಣದೇ ಹೋದ್ರೆ ನಾಲೆ ಕಡೆ ಮೊದಲು ಓಡಿ, ತಡ ಮಾಡ್ದೆ 112ಕ್ಕೆ ಫೋನ್ ಮಾಡಿ. ನಿಮ್ಮ ಯಜಮಾನರಿಗೂ ಒಂದು ಮಾತು, ವಾರಕ್ಕೊಂದು ಸಲ ಬರೋವಾಗ ಬೆಳಿಗ್ಗೆ ಬಂದು ಮಧ್ಯಾಹ್ನ ಹೊರಡೋದಲ್ಲ ಸ್ವಾಮಿ, ಒಂದು ಸಂಜೆ ಕೂತು ನೋಡಿ.

ಪ್ರಶ್ನೆ: ನಮ್ಮ ತಂದೆ ರೈಲ್ವೆ ವರ್ಕ್‌ಶಾಪಲ್ಲಿದ್ದು ರಿಟೈರ್ ಆದವರು. ಈ ಮನೆ ಅವರೇ ಕಟ್ಟಿಸಿದ್ದು. ದಿನಾ ಸಂಜೆ ಬ್ಯಾಗಿಗೆ ಪಂಚೆ ಟವೆಲ್ ತುಂಬ್ಕೊಂಡು ನಾನು ಮನೆಗೆ ಹೋಗ್ಬೇಕು, ಅಮ್ಮ ಕಾಯ್ತಿರ್ತಾಳೆ ಅಂತಾರೆ. ಅಜ್ಜಿ ಹೋಗಿ ನಲವತ್ತು ವರ್ಷ ಆಗಿದೆ. ಇದೇ ಅಲ್ವಾ ಅಪ್ಪ ನಿಮ್ಮನೆ ಅಂತ ಪತ್ರ ಎಲ್ಲ ತೋರಿಸ್ತೀವಿ, ಒಪ್ಪಲ್ಲ. ಅಮ್ಮನ್ನೇ ಯಾರಮ್ಮ ನೀನು ಅಂತ ಕೇಳ್ತಾರೆ, ಅಮ್ಮ ಅಳ್ತಾರೆ. ಅವರು ಹೇಳಿದ್ದಕ್ಕೆಲ್ಲ ಹೂಂ ಅಂದ್ರೆ ಸುಳ್ಳು ಹೇಳಿದ ಹಾಗಾಗಲ್ವಾ?
(ಕುವೆಂಪುನಗರ, ಮೈಸೂರು)

ಉತ್ತರ: ಮನೆ ಪತ್ರ ತೋರಿಸೋದು ನಿಲ್ಲಿಸಿ ಮೊದಲು, ಇದು ಕೋರ್ಟ್ ಕೇಸಲ್ಲ. ಅವರು ಹೋಗ್ಬೇಕು ಅಂತಿರೋ ಮನೆ ಕುವೆಂಪುನಗರದಲ್ಲೂ ಇಲ್ಲ, ಎಲ್ಲೂ ಇಲ್ಲ, ಅವರಿಗೆ ಹತ್ತು ಹನ್ನೆರಡು ವರ್ಷ ಇದ್ದಾಗಿನ ಮನೆ ಇರ್ಬೇಕು ಅದು, ಅಮ್ಮ ಒಲೆ ಮುಂದೆ ಕೂತಿರೋ ಮನೆ. ಅಂದ್ರೆ ನಂಗೆ ಇಲ್ಲಿ ಏನೋ ಸರಿ ಇಲ್ಲ ಅನ್ನಿಸ್ತಿದೆ, ಭಯ ಆಗ್ತಿದೆ ಅಂತ ಹೇಳ್ತಿದಾರೆ. ಆ ಭಯಕ್ಕೆ ಉತ್ತರ ಕೊಡಿ, ಅಡ್ರೆಸ್ಸಿಗಲ್ಲ.

ಸುಳ್ಳಿನ ಬಗ್ಗೆ ನೀವು ಕೇಳಿದ್ದು ಒಳ್ಳೇದಾಯ್ತು, ಬಹಳ ಜನಕ್ಕೆ ಇದು ಒಳಗೊಳಗೇ ಕೊರೀತಿರುತ್ತೆ. ಅಜ್ಜಿ ಊರಲ್ಲಿ ಚೆನ್ನಾಗಿದಾರೆ, ನಾಳೆ ಬರ್ತಾರೆ ಅಂತ ಕತೆ ಕಟ್ಟೋದು ನನಗೂ ಇಷ್ಟ ಇಲ್ಲ, ನಾಳೆ ಅದೇ ಕತೆ ಹಿಡ್ಕೊಂಡು ಕೂತ್ರೆ ಕಷ್ಟ. ಹಾಗಂತ ಅಜ್ಜಿ ಸತ್ತು ನಲವತ್ತು ವರ್ಷ ಆಯ್ತು ಅಂತ ಮುಖಕ್ಕೆ ಹೇಳಿದ್ರೆ ಅವತ್ತು ಸಂಜೆ ಆ ಮನುಷ್ಯ ತಾಯಿ ಕಳ್ಕೊಂಡ ಹಾಗೆ, ಮತ್ತೆ ನಾಳೆ ಸಂಜೆ ಇನ್ನೊಂದು ಸಲ. ಎರಡರ ಮಧ್ಯೆ ದಾರಿ ಇದೆ. ಅಜ್ಜಿ ನೆನಪಾಗ್ತಿದಾರಾ ಅಪ್ಪ, ಏನ್ ಅಡುಗೆ ಮಾಡ್ತಿದ್ರು ಸಂಜೆ ಹೊತ್ತಲ್ಲಿ, ಅಂತ ಕೇಳಿ. ಇದರಲ್ಲಿ ಸುಳ್ಳೂ ಇಲ್ಲ, ವಾದನೂ ಇಲ್ಲ. ಹೊರಡಲೇಬೇಕು ಅಂತ ಹಟ ಹಿಡಿದ್ರೆ ಬ್ಯಾಗ್ ಕಿತ್ಕೊಬೇಡಿ, ಬನ್ನಿ ನಾನೂ ಬರ್ತೀನಿ ಅಂತ ಚಪ್ಪಲಿ ಹಾಕ್ಕೊಳಿ, ಬೀದಿ ಕೊನೆ ಪಾರ್ಕ್ ತನಕ ಹೋಗಿ, ಒಂದು ಸುತ್ತು ಹಾಕಿ, ಕಾಲು ನೋವು ಬಂತಾ ಅಪ್ಪ, ಒಳಗೆ ಹೋಗಿ ಊಟ ಮಾಡೋಣ ಅಂತ ನಿಮ್ಮ ಗೇಟಿಗೇ ವಾಪಸ್ ಬನ್ನಿ. ತುಂಬಾ ಸಲ ಮನೆಗೆ ಬಂದ್ವಿ ಅಂತ ಅವರೇ ಹೇಳ್ತಾರೆ.

ಅಮ್ಮನಿಗೆ ಹೇಳಿ, ನಾನ್ಯಾರು ಹೇಳಿ ನೋಡೋಣ ಅಂತ ಪರೀಕ್ಷೆ ಮಾಡ್ಬೇಡಿ ಅಂತ. ಯಾರಮ್ಮ ನೀನು ಅಂದಾಗ ಊಟಕ್ಕೆ ಬಡಿಸೋಕೆ ಬಂದಿದೀನಿ ಅಂದ್ರೆ ಸಾಕು ಆ ಕ್ಷಣಕ್ಕೆ. ಬೆಳಿಗ್ಗೆ ಮತ್ತೆ ಹೆಸರು ಹಿಡಿದೇ ಕರೀಬಹುದು ಅವರು. ಅಮ್ಮ ಅಳೋದು ತಪ್ಪಲ್ಲ, ಆದ್ರೆ ಅವರ ಮುಂದೆ ಬೇಡ, ಅಳು ನೋಡಿದ್ರೆ ಏನೋ ಆಗಿದೆ ಅನ್ನೋ ಭಯ ಇನ್ನೂ ಜಾಸ್ತಿ ಆಗುತ್ತೆ.

ಇನ್ನೊಂದು ಸಣ್ಣ ವಿಷಯ, ನಿಮ್ಮ ಹಾಲ್‌ನಲ್ಲಿ ದೊಡ್ಡ ಗಾಜಿನ ಕಿಟಕಿ ಇದ್ರೆ ಕತ್ತಲಾದ್ಮೇಲೆ ಒಳಗೆ ಲೈಟ್ ಹಾಕಿ ಒಂದು ಸಲ ನಿಂತು ನೋಡಿ. ಹಗಲು ಆಚೆ ಮರ ಕಾಣೋ ಗಾಜು ರಾತ್ರಿ ಪೂರ್ತಿ ಕನ್ನಡಿ ಆಗಿರುತ್ತೆ, ಅದರಲ್ಲಿ ಒಬ್ಬ ಮುದುಕ ಇವರನ್ನೇ ದಿಟ್ಟಿಸ್ತಿರ್ತಾನೆ. ಇವರಿಗೆ ತಾನು ಮೂವತ್ತರ ಹುಡುಗ, ಆ ಮುದುಕ ಯಾರು ಗೊತ್ತಾಗಲ್ಲ. ಯಾರೋ ನುಗ್ಗಿದಾರೆ ಅಂತ ಕೂಗೋರ ಮನೇಲಿ ಲೈಟ್ ಹಾಕೋ ಮುಂಚೆ ಪರದೆ ಎಳೆದ್ರೆ ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತೆ. ಕೈ ತೊಳೆಯೋ ಕಡೆ ಕನ್ನಡಿಗೂ ಒಂದು ಟವೆಲ್ ಇಳಿಬಿಡಿ. ಬಾಗಿಲ ಮುಂದಿರೋ ಕಪ್ಪು ಮ್ಯಾಟು ಇವರ ಕಣ್ಣಿಗೆ ಗುಂಡಿ ಥರ ಕಾಣ್ಬಹುದು, ಪಾಲಿಷ್ ಹೊಡೆದ ನೆಲದ ಹೊಳಪು ನೀರು ನಿಂತ ಹಾಗೆ, ಅಲ್ಲಿ ಕಾಲಿಡೋಕೆ ಹಿಂದೇಟು ಹಾಕ್ತಿದ್ರೆ ಹಟ ಅಂತ ತಿಳ್ಕೋಬೇಡಿ. ನ್ಯೂಸ್ ಚಾನೆಲ್ ಅಂತೂ ಆರಿಂದ ಒಂಬತ್ತರ ತನಕ ಬಂದ್, ಅಲ್ಲಿ ಕಿರುಚಾಡೋರು ನಮ್ಮಂಥವರಿಗೇ ತಲೆ ಕೆಡಿಸ್ತಾರೆ.

ಪ್ರಶ್ನೆ: ತಾಯಿಗೆ ಸಂಜೆ ಆದ್ರೆ ತುಂಬಾ ಗಲಾಟೆ, ರಾತ್ರಿ ನಿದ್ದೆ ಇಲ್ಲ. ಮೆಡಿಕಲ್ ಶಾಪಲ್ಲಿ ಕೇಳಿ ನಿದ್ದೆ ಮಾತ್ರೆ ತಂದು ಕೊಡ್ತಿದ್ವಿ. ಈಗ ಹಗಲೆಲ್ಲ ತೂಕಡಿಸ್ತಾರೆ, ಸಂಜೆ ಗಲಾಟೆ ಮೊದಲಿಗಿಂತ ಜಾಸ್ತಿ, ಒಂದು ಸಲ ಬಿದ್ರು ಕೂಡ. ಬೇರೆ ಸ್ಟ್ರಾಂಗ್ ಮಾತ್ರೆ ಇದೆಯಾ?
(ಶ್ರೀರಂಗಪಟ್ಟಣ)

ಉತ್ತರ: ಇನ್ನೂ ಸ್ಟ್ರಾಂಗ್ ಮಾತ್ರೆ ಕೇಳ್ಬೇಡಿ, ಈಗಿರೋದೇ ಬಹುಶಃ ಜಾಸ್ತಿ ಆಗಿದೆ. ಅಲ್ಪ್ರಜೋಲಾಮ್, ಲೊರಾಜೆಪಾಮ್, ಕ್ಲೋನಾಜೆಪಾಮ್ ಈ ಗುಂಪಿನ ಮಾತ್ರೆಗಳು ಡಿಮೆನ್ಷಿಯಾ ಇರೋರಿಗೆ ಗಲಿಬಿಲಿ ಹೆಚ್ಚಿಸ್ತವೆ, ತೂರಾಡಿಸ್ತವೆ, ಬಿದ್ದು ಸೊಂಟದ ಮೂಳೆ ಮುರಿದ್ರೆ ಹಾಸಿಗೆ ಹಿಡೀತಾರೆ. ಹಗಲು ತೂಕಡಿಸಿದ್ರೆ ರಾತ್ರಿ ನಿದ್ದೆ ಎಲ್ಲಿಂದ ಬರ್ಬೇಕು, ಅದಕ್ಕೆ ಇನ್ನೊಂದು ಮಾತ್ರೆ, ಹೀಗೆ ಸುತ್ತು ಸುತ್ತು. ಆದ್ರೆ ಇವತ್ತೇ ತಟ್ಟನೆ ನಿಲ್ಲಿಸ್ಬೇಡಿ, ಬಹಳ ದಿನದಿಂದ ಕೊಡ್ತಿದ್ರೆ ಒಂದೇ ಸಲ ನಿಲ್ಲಿಸಿದ್ರೆ ಫಿಟ್ಸ್ ಕೂಡ ಬರ್ಬಹುದು. ಸ್ಟ್ರಿಪ್ ಸಮೇತ ಡಾಕ್ಟರ ಹತ್ರ ಹೋಗಿ, ಮೆಲ್ಲಗೆ ಇಳಿಸ್ತಾರೆ.

ಹೋಗೋವಾಗ ಮನೇಲಿರೋ ಎಲ್ಲ ಮಾತ್ರೆ ಒಂದು ಕವರಿಗೆ ಹಾಕ್ಕೊಂಡು ಹೋಗಿ, ಬಿಪಿದು, ಶುಗರ್‌ದು, ನೆಗಡೀದು ಎಲ್ಲ. ನೆಗಡಿ ಮಾತ್ರೇಲಿರೋ ಕ್ಲೋರ್‌ಫೆನಿರಮೈನ್, ನೋವಿಗೂ ನಿದ್ದೆಗೂ ಕೊಡೋ ಅಮಿಟ್ರಿಪ್ಟಿಲಿನ್, ಪದೇ ಪದೇ ಮೂತ್ರಕ್ಕೆ ಹೋಗೋದಕ್ಕೆ ಕೊಡೋ ಆಕ್ಸಿಬ್ಯುಟಿನಿನ್, ಇವೆಲ್ಲ ಮೆದುಳಲ್ಲಿ ನೆನಪಿಗೆ ಬೇಕಾದ ಅಸಿಟೈಲ್‌ಕೊಲಿನ್ ಅನ್ನೋ ರಾಸಾಯನಿಕಕ್ಕೇ ಅಡ್ಡ ನಿಲ್ತವೆ. ಮರೆವಿಗೆ ಅಂತ ಕೊಡೋ ಡೊನೆಪೆಜಿಲ್ ಅದೇ ರಾಸಾಯನಿಕ ಹೆಚ್ಚು ಮಾಡೋಕೆ ಇರೋದು, ಅಂದ್ರೆ ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ಕೊಂಡ ಹಾಗಾಯ್ತು. ಡೊನೆಪೆಜಿಲ್ ರಾತ್ರಿ ತಗೊಂಡ್ರೆ ಕೆಲವರಿಗೆ ಕೆಟ್ಟ ಕನಸು, ನಿದ್ದೆ ಇಲ್ಲದೇ ಇರೋದು ಆಗುತ್ತೆ, ಬೆಳಿಗ್ಗೆಗೆ ಬದಲಾಯಿಸ್ಬಹುದಾ ಕೇಳಿ. ಮೂತ್ರ ಹೆಚ್ಚಿಸೋ ಬಿಪಿ ಮಾತ್ರೆ ಸಂಜೆ ಕೊಡ್ತಿದ್ರೆ ಅದನ್ನೂ ಕೇಳಿ.

ರಿಸ್ಪೆರಿಡೋನ್, ಕ್ವೆಟಿಯಾಪಿನ್ ಅಂತ ಕೆಲವು ಮಾತ್ರೆ ಇದಾವೆ, ಹೊಡೆಯೋದು, ಕಚ್ಚೋದು, ತಮಗೇ ಅಪಾಯ ಮಾಡ್ಕೊಳ್ಳೋದು ಇದ್ದಾಗ ತಜ್ಞರು ಕಮ್ಮಿ ಡೋಸಲ್ಲಿ ಸ್ವಲ್ಪ ದಿನಕ್ಕೆ ಕೊಡ್ತಾರೆ. ಸುಮ್ಮನೆ ಓಡಾಡ್ತಾರೆ, ಕೇಳಿದ್ದನ್ನೇ ಕೇಳ್ತಾರೆ ಅನ್ನೋದಕ್ಕೆಲ್ಲ ಅಲ್ಲ. ಡಿಮೆನ್ಷಿಯಾ ಇರೋ ವಯಸ್ಸಾದವರಲ್ಲಿ ಈ ಗುಂಪಿನ ಔಷಧಿಯಿಂದ ಸಾವಿನ ಅಪಾಯ ಹೆಚ್ಚಾಗುತ್ತೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ, ಸುಮಾರು 1.6ರಿಂದ 1.7 ಪಟ್ಟು. ಇನ್ನು ನಿಮ್ಮ ತಾಯಿಗೆ ಮಕ್ಕಳು, ಪ್ರಾಣಿಗಳು ಸ್ಪಷ್ಟವಾಗಿ ಕಾಣೋದು, ನಡಿಗೆ ಬಿಗಿಯಾಗಿ ನಿಧಾನ ಆಗೋದು, ಒಂದು ದಿನ ಚುರುಕು ಒಂದು ದಿನ ಮಂಕು ಹೀಗಿದ್ರೆ ತಪ್ಪದೇ ಡಾಕ್ಟರಿಗೆ ಹೇಳಿ. ಅದು ಡಿಮೆನ್ಷಿಯಾದಲ್ಲೇ ಲೆವಿ ಬಾಡಿ ಅನ್ನೋ ಇನ್ನೊಂದು ಜಾತಿ ಇರ್ಬಹುದು, ಅಂಥವರಿಗೆ ಹ್ಯಾಲೊಪೆರಿಡಾಲ್ ಥರದ ಇಂಜೆಕ್ಷನ್ ಕೊಟ್ರೆ ಜೀವಕ್ಕೇ ಕುತ್ತು.

ಪ್ರಶ್ನೆ: ತಾತನಿಗೆ ಮರೆವು, ಸಂಜೆ ಸ್ವಲ್ಪ ಹೆಚ್ಚು. ಪ್ರತಿ ವರ್ಷ ದಸರಾ ಲೈಟಿಂಗ್ ನೋಡೋಕೆ ಹೋಗ್ತಿದ್ವಿ. ಈ ಸಲ ಕರ್ಕೊಂಡು ಹೋಗ್ಬಹುದಾ?
(ಯರಗನಹಳ್ಳಿ, ಮೈಸೂರು)

ಉತ್ತರ: ಜನಜಂಗುಳಿ ಒಳಗೆ ಬೇಡ. ಸಯ್ಯಾಜಿರಾವ್ ರಸ್ತೆ ಮಧ್ಯೆ ಅವರಿಗೆ ಗಾಬರಿ ಆದ್ರೆ ಆಚೆ ಬರೋಕೇ ಅರ್ಧ ಗಂಟೆ. ಅರಮನೆ ದೀಪ ಭಾನುವಾರ ಸಂಜೆನೂ ಹಾಕ್ತಾರಲ್ಲ, ದಸರಾ ಕಳೆದ ಮೇಲೆ ಒಂದು ಭಾನುವಾರ ಕಾರಲ್ಲಿ ಕೂರಿಸ್ಕೊಂಡು ದೂರದಿಂದ ತೋರಿಸಿ, ಕತ್ತಲೇಲಿ ಆ ಸಾವಿರಾರು ಬಲ್ಬ್ ಒಟ್ಟಿಗೆ ಹತ್ತೋದು ನೋಡಿ ಖುಷಿನೂ ಪಡ್ಬಹುದು, ಬೆಚ್ಚಿನೂ ಬೀಳ್ಬಹುದು, ಮೊದಲೇ ಹೇಳಿಡಿ. ವಾಪಸ್ ಹೋಗೋಣ ಅಂದ ತಕ್ಷಣ ತಿರುಗಿಸಿ, ಇನ್ನೊಂದು ಫೋಟೊ ಅಂತ ನಿಲ್ಲಿಸ್ಬೇಡಿ. ದೀಪಾವಳಿ ಪಟಾಕಿ ದಿನ ಕಿಟಕಿ ಮುಚ್ಚಿ ಹಿಂದಿನ ರೂಮಲ್ಲಿ ಯಾರಾದ್ರೂ ಜೊತೆ ಇರಿ.

ಪ್ರಶ್ನೆ: ನಮ್ಮಮ್ಮನಿಗೆ ಸಂಜೆ ಗಲಿಬಿಲಿ ಮೊದಲಿಂದ್ಲೂ ಇತ್ತು, ಆದ್ರೆ ಮೂರು ದಿನದಿಂದ ಹಗಲಲ್ಲೂ ಏನೇನೋ ಬಡಬಡಿಸ್ತಾರೆ, ಗಾಳೀಲಿ ಏನೋ ಹಿಡಿಯೋಕೆ ಹೋಗ್ತಾರೆ, ಮಧ್ಯೆ ಮಧ್ಯೆ ಮಂಪರು. ಊಟ ಬಿಟ್ಟಿದಾರೆ. ಕಾಯಿಲೆ ಮುಂದಿನ ಹಂತಕ್ಕೆ ಹೋಯ್ತಾ?
(ಮದ್ದೂರು)

ಉತ್ತರ: ಈ ಪತ್ರಕ್ಕೆ ನಾನು ಪತ್ರಿಕೆಗೆ ಕಾಯದೆ ಅವತ್ತೇ ಫೋನ್ ಮಾಡ್ಸಿದೆ, ಆದ್ರೂ ಇಲ್ಲಿ ಹಾಕ್ತಿರೋದು ಬೇರೆಯವರಿಗೆ ಗೊತ್ತಾಗ್ಲಿ ಅಂತ. ಡಿಮೆನ್ಷಿಯಾ ಮೂರು ದಿನದಲ್ಲಿ ಹೀಗೆ ಜಿಗಿಯಲ್ಲ. ತಟ್ಟನೆ ಆಗಿದ್ದು, ಹಗಲು ರಾತ್ರಿ ಅನ್ನದೇ ಏರಿ ಇಳಿಯೋದು, ಎದುರಿಗಿರೋರ ಮಾತಿನ ಮೇಲೆ ಗಮನ ನಿಲ್ಲದೇ ಇರೋದು, ಮಂಪರು, ಇದು ಡೆಲಿರಿಯಂ, ಅದರ ಹಿಂದೆ ಏನೋ ಒಂದು ಕಾರಣ ಕೂತಿರುತ್ತೆ. ಮೂತ್ರದ ಸೋಂಕು, ನ್ಯುಮೋನಿಯಾ, ಮೈಯಲ್ಲಿ ನೀರು ಕಮ್ಮಿ ಆಗೋದು, ರಕ್ತದಲ್ಲಿ ಸೋಡಿಯಂ ಇಳಿಯೋದು, ಶುಗರ್ ಇಳಿಯೋದು, ಮೂತ್ರ ಕಟ್ಕೊಳ್ಳೋದು, ನಾಲ್ಕೈದು ದಿನದಿಂದ ಮಲ ಹೋಗದೇ ಇರೋದು, ಹೊಸದಾಗಿ ಶುರು ಮಾಡಿದ ಮಾತ್ರೆ, ಯಾವುದೋ ದಿನ ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ನಿಧಾನಕ್ಕೆ ರಕ್ತ ಕಟ್ಟಿರೋದು, ಯಾವುದೂ ಆಗ್ಬಹುದು. ವಯಸ್ಸಾದವರಿಗೆ ಸೋಂಕು ಇದ್ರೂ ಜ್ವರ ಬರಲೇಬೇಕು ಅಂತಿಲ್ಲ, ಮೈ ಬಿಸಿ ಇಲ್ಲ ಅಂತ ಕೂತ್ಕೋಬೇಡಿ. ಮಂಡ್ಯದವರು ಮಿಮ್ಸ್, ಮೈಸೂರಿನವರು ಕೆ.ಆರ್. ಆಸ್ಪತ್ರೆ ಇಲ್ಲ ಹತ್ತಿರದ ಯಾವುದೇ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಅವತ್ತೇ ಹೋಗಿ, ಮರೆವಿನ ಕಾಯಿಲೆ ಅಂತ ಮಾತ್ರ ಹೇಳಿದ್ರೆ ಅವಸರದಲ್ಲಿ ಇದೂ ಅದೇ ಇರ್ಬೇಕು ಅನ್ಕೊಂಡುಬಿಡ್ತಾರೆ, ಅದಕ್ಕೆ ಮೊದಲ ಮಾತಲ್ಲೇ ಹೋದ ವಾರ ಹೀಗಿರ್ಲಿಲ್ಲ ಅಂತ ಹೇಳಿ.

ಪ್ರಶ್ನೆ: ನನಗೇ 68. ನಮ್ಮ ಯಜಮಾನರಿಗೆ ನಾಲ್ಕು ವರ್ಷದಿಂದ ಈ ಕಾಯಿಲೆ. ಮಗ ಅಮೆರಿಕದಲ್ಲಿ. ಐದು ಗಂಟೆ ಆದ್ರೆ ನನಗೆ ಎದೆ ಡವಡವ ಅನ್ನುತ್ತೆ. ಮೊನ್ನೆ ತಡ್ಕೊಳೋಕೆ ಆಗ್ದೆ ಜೋರಾಗಿ ಕೈ ಹಿಡಿದು ಎಳೆದು ಕೂರಿಸಿಬಿಟ್ಟೆ, ಆಮೇಲೆ ರಾತ್ರಿಯೆಲ್ಲ ಅತ್ತೆ. ನಾನು ಕೆಟ್ಟವಳಾಗಿಬಿಟ್ಟೆನಾ?
(ಸರಸ್ವತೀಪುರಂ, ಮೈಸೂರು)

ಉತ್ತರ: ಇಲ್ಲಮ್ಮ. ನಾಲ್ಕು ವರ್ಷ ಒಬ್ಬರೇ ಹೊತ್ತಿದೀರಿ, ನಿಮ್ಮ ಜಾಗದಲ್ಲಿ ಯಾರಿದ್ರೂ ಒಂದು ದಿನ ತಾಳ್ಮೆ ತಪ್ಪುತ್ತೆ. ಮುಂದಿನ ಸಲ ಹಾಗನ್ನಿಸ್ದಾಗ ಅವರು ಕೂತಿರೋ ಜಾಗ ಸುರಕ್ಷಿತವಾಗಿದೆಯಾ ನೋಡ್ಕೊಂಡು ನೀವು ಪಕ್ಕದ ರೂಮಿಗೆ ಹೋಗಿ ಐದು ನಿಮಿಷ ನಿಂತು ಬನ್ನಿ. ಎದುರಾ ಎದುರು ನಿಲ್ಲಬೇಡಿ, ಪಕ್ಕ ಕೂತು ಮಾತಾಡಿ, ಕೈ ಹಿಡಿಯೋದಾದ್ರೆ ಕೆಳಗಿಂದ ಅಂಗೈ ಕೊಟ್ಟು ಹಿಡೀರಿ, ಮಣಿಕಟ್ಟು ಹಿಡಿದ್ರೆ ಅವರಿಗೆ ಯಾರೋ ಎಳ್ಕೊಂಡು ಹೋಗ್ತಿದಾರೆ ಅನ್ನಿಸುತ್ತೆ.

ಆದ್ರೆ ನಾನು ಹೇಳ್ಬೇಕಿರೋದು ಅದಲ್ಲ. ಸಂಜೆ ಐದರಿಂದ ಎಂಟು ಈ ಮೂರು ಗಂಟೆಗೆ ನಿಮಗೆ ಇನ್ನೊಬ್ಬರು ಬೇಕೇ ಬೇಕು. ಇಡೀ ದಿನದ ಆಯಾ ಇಟ್ಕೊಳೋಕೆ ದುಡ್ಡು ಜಾಸ್ತಿ ಅಂತ ಎಷ್ಟೋ ಜನ ಯಾರನ್ನೂ ಇಟ್ಕೊಳಲ್ಲ, ಇಟ್ಕೊಂಡವರು ಬೆಳಿಗ್ಗೆ ಹೊತ್ತಿಗೆ ಇಟ್ಕೊಳ್ತಾರೆ, ಸಂಜೆ ಐದಕ್ಕೆ ಅವಳು ಹೊರಟುಹೋಗ್ತಾಳೆ, ಕಷ್ಟ ಶುರುವಾಗೋ ಹೊತ್ತಿಗೆ ಸರಿಯಾಗಿ. ಆ ಟೈಮಿಂಗ್ ಬದಲಾಯಿಸಿ. ಮನೆ ಕೆಲಸದವಳು ಮಧ್ಯಾಹ್ನ ಮೂರಕ್ಕೆ ಬಂದು ಎಂಟಕ್ಕೆ ಹೋಗೋ ಹಾಗೆ ಮಾತಾಡಿ, ಅಡುಗೆ ನೀವು ಹನ್ನೆರಡಕ್ಕೇ ರಾತ್ರಿಗೂ ಸೇರಿಸಿ ಮಾಡಿಟ್ಟುಬಿಡಿ, ಆರು ಗಂಟೆಗೆ ನಿಮ್ಮ ಕೈಲಿ ಸೌಟು ಇರ್ಬಾರ್ದು. ಅಮೆರಿಕದ ಮಗನಿಗೆ ನಮ್ಮ ಸಂಜೆ ಏಳು ಅಂದ್ರೆ ಅಲ್ಲಿ ಬೆಳಿಗ್ಗೆ ಹೊತ್ತು, ಪೂರ್ವದ ಊರಾದ್ರೆ ಎಂಟೂವರೆ ಒಂಬತ್ತೂವರೆ ಆಗಿರುತ್ತೆ. ದಿನಾ ಆಗ ವಿಡಿಯೊ ಕಾಲ್ ಮಾಡಿ ಅಪ್ಪನ ಜೊತೆ ಹತ್ತು ನಿಮಿಷ ಮಾತಾಡು ಅಂತ ಹೇಳಿ, ಮಾತಾಡೋಕೆ ಏನಿಲ್ಲ ಅಂದ್ರೆ ಹಳೇ ಹಾಡು ಹಾಡಿದ್ರೂ ನಡೆಯುತ್ತೆ. ಆ ಹತ್ತು ನಿಮಿಷ ನೀವು ಅಲ್ಲಿರ್ಬೇಡಿ. ಕಾಲ್‌ಗೆ ಅವರು ಗಲಿಬಿಲಿ ಆದ್ರೆ, ಕೆಲವರಿಗೆ ಫೋನಲ್ಲಿ ಮುಖ ಕಂಡ್ರೆ ಹಾಗಾಗುತ್ತೆ, ಬರೀ ದನಿ ಸಾಕು.

ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರ ತನಕ ಇರುತ್ತೆ, ಕನ್ನಡದಲ್ಲೇ ಮಾತಾಡ್ಬಹುದು. ನಿಮ್ಮ ಮನಸ್ಸಿಗೆ ತೀರಾ ಭಾರ ಆದ್ರೆ ಟೆಲಿ ಮಾನಸ್ 14416, ಅದು ರಾತ್ರಿನೂ ಇರುತ್ತೆ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ಶುರು ಮಾಡಿದೆ, ಅಲ್ಲೂ ವಿಚಾರಿಸಿ. ನಿಮ್ಮ ಎದೆ ಡವಡವ ಬರೀ ಭಯ ಅಂತ ನಾನು ಇಲ್ಲಿ ಕೂತು ಹೇಳೋಕಾಗಲ್ಲ, ಬಿಪಿ ನೋಡ್ಸಿ, ಇಸಿಜಿ ಮಾಡ್ಸಿ. ಇನ್ನೊಂದು ಸಲ ಯಜಮಾನರನ್ನ ಆಸ್ಪತ್ರೆಗೆ ಕರ್ಕೊಂಡು ಹೋದಾಗ ನಿಮ್ಮ ಹೆಸರಲ್ಲೂ ಒಂದು ಚೀಟಿ ಮಾಡ್ಸಿ.